ಪಟಾಕಿ: ಕಾಗದದಲ್ಲೇ ಉಳಿದ ಐವತ್ತು ಮೀಟರ್

ಪ್ರತಿ ವರ್ಷ ದೀಪಾವಳಿಗೆ ಹತ್ತು ಹನ್ನೆರಡು ದಿನಗಳಿರುವಾಗ ಸರ್ಕಾರದ ಸುತ್ತೋಲೆಯೊಂದು ಹೊರಬೀಳುತ್ತದೆ. ಹಸಿರು ಪಟಾಕಿಯನ್ನಷ್ಟೇ ಮಾರಬೇಕು, ರಾತ್ರಿ ಎಂಟರಿಂದ ಹತ್ತರವರೆಗೆ ಮಾತ್ರ ಸುಡಬೇಕು, ಆಸ್ಪತ್ರೆ, ಶಾಲೆಗಳ ಸಮೀಪ ಸುಡಕೂಡದು ಎಂಬ ಸೂಚನೆಗಳು ಪತ್ರಿಕೆಗಳಲ್ಲಿ ಪ್ರಕಟವಾಗುತ್ತವೆ. ಅದರ ಬೆನ್ನಿಗೇ ವಾಗ್ವಾದವೂ ಆರಂಭವಾಗುತ್ತದೆ. ಒಂದು ಪಕ್ಷ ಗಾಳಿ ಕೆಡುವುದರ ಬಗ್ಗೆ ಮಾತನಾಡಿದರೆ, ಇನ್ನೊಂದು ಪಕ್ಷ ಸಂಪ್ರದಾಯದ ಮೇಲಿನ ದಾಳಿಯ ಬಗ್ಗೆ ಮಾತನಾಡುತ್ತದೆ. ಬಲಿಪಾಡ್ಯಮಿ ಕಳೆದ ಎರಡು ದಿನಕ್ಕೆ ಸುತ್ತೋಲೆಯೂ ವಾಗ್ವಾದವೂ ಒಟ್ಟಿಗೇ ತಣ್ಣಗಾಗುತ್ತವೆ.

ಈ ಎರಡು ಪಕ್ಷಗಳ ನಡುವೆ ಸುರಕ್ಷತೆಯ ಪ್ರಶ್ನೆ ಸದಾ ಕೊನೆಯ ಸಾಲಿಗೆ ಸರಿದುಹೋಗಿದೆ. ಅದನ್ನು ಕೇಳಿದಾಗಲೂ ನಾವು ಮಕ್ಕಳ ಕೈಯ ಸುರುಸುರುಬತ್ತಿಯ ವಿಷಯವನ್ನಷ್ಟೇ ಯೋಚಿಸುತ್ತೇವೆ. ಅದು ಅಗತ್ಯವೇ ಹೌದು. ಆದರೆ ಕಳೆದ ಕೆಲವು ವರ್ಷಗಳಲ್ಲಿ ನಮ್ಮ ರಾಜ್ಯದಲ್ಲಿ ಪಟಾಕಿಯಿಂದ ಸತ್ತವರ ದೊಡ್ಡ ಪಾಲು ಹಬ್ಬ ಬರುವ ಮೊದಲೇ, ಪಟಾಕಿ ಗ್ರಾಹಕನ ಮನೆ ತಲುಪುವ ಮೊದಲೇ ಸತ್ತವರದು ಎಂಬುದನ್ನು ಗಮನಿಸಿದರೆ, ನಾವು ಎಲ್ಲಿ ನೋಡಬೇಕಿತ್ತೋ ಅಲ್ಲಿ ನೋಡಿಲ್ಲ ಎನ್ನುವುದು ಸ್ಪಷ್ಟವಾಗುತ್ತದೆ.

2023ರ ಆಗಸ್ಟ್ 29ರಂದು ಹಾವೇರಿ ಸಮೀಪದ ಆಲದಕಟ್ಟಿಯಲ್ಲಿ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ನಾಲ್ವರು ಕಾರ್ಮಿಕರು ಸತ್ತರು. ಅಲ್ಲಿ ವೆಲ್ಡಿಂಗ್ ಕೆಲಸ ನಡೆಯುತ್ತಿದ್ದಾಗ ಹಾರಿದ ಕಿಡಿಯೇ ಅನಾಹುತಕ್ಕೆ ಕಾರಣವೆಂದು ಆಗ ವರದಿಯಾಯಿತು. ಸ್ಫೋಟಕ ತುಂಬಿದ ಕಟ್ಟಡದ ಪಕ್ಕದಲ್ಲಿ ವೆಲ್ಡಿಂಗ್ ಮಾಡಬಾರದೆಂಬುದಕ್ಕೆ ವಿಶೇಷ ತಜ್ಞತೆ ಬೇಕಿಲ್ಲ. ಇದಾಗಿ ನಲವತ್ತು ದಿನ ತುಂಬುವ ಮೊದಲೇ, ಅಕ್ಟೋಬರ್ 7ರಂದು, ಬೆಂಗಳೂರು ನಗರ ಜಿಲ್ಲೆಯ ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ, ಹೆದ್ದಾರಿ ಬದಿಯ ಪಟಾಕಿ ಮಳಿಗೆಗೆ ಲಾರಿಯಿಂದ ಪೆಟ್ಟಿಗೆಗಳನ್ನು ಇಳಿಸುತ್ತಿದ್ದಾಗ ಬೆಂಕಿ ಹತ್ತಿಕೊಂಡಿತು. ಹದಿನಾಲ್ಕು ಮಂದಿ ಒಳಗೇ ಬೆಂದುಹೋದರು. ಗಾಯಗೊಂಡವರಲ್ಲಿ ಇನ್ನೂ ಕೆಲವರು ನಂತರ ಆಸ್ಪತ್ರೆಯಲ್ಲಿ ಅಸುನೀಗಿದರು. ಸತ್ತವರಲ್ಲಿ ಅನೇಕರು ತಮಿಳುನಾಡಿನ ಹಳ್ಳಿಗಳಿಂದ ಹಬ್ಬದ ಕಾಲದ ಕೂಲಿಗೆಂದು ಬಂದಿದ್ದ ಯುವಕರು. ಅವರಲ್ಲಿ ಕಾಲೇಜಿನಲ್ಲಿ ಓದುತ್ತಿದ್ದವರೂ ಇದ್ದರು.

ಆಲದಕಟ್ಟಿಯ ಬೆಂಕಿ ರಾಜ್ಯಕ್ಕೆ ಒಂದು ಎಚ್ಚರಿಕೆಯಾಗಬೇಕಿತ್ತು. ರಾಜ್ಯದ ಎಲ್ಲ ಪಟಾಕಿ ಗೋದಾಮುಗಳನ್ನು ಒಮ್ಮೆ ಸುತ್ತಿ ನೋಡಲು ಐದು ವಾರಗಳು ಧಾರಾಳವಾಗಿ ಸಾಕಿದ್ದವು. ಅತ್ತಿಬೆಲೆಯ ನಂತರ ಆಡಳಿತ ಚುರುಕಾಯಿತು. ಮೃತರ ಕುಟುಂಬಗಳಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರ ಘೋಷಣೆಯಾಯಿತು, ತನಿಖೆ ಸಿಐಡಿಗೆ ಹೋಯಿತು, ಕೆಲವು ಅಧಿಕಾರಿಗಳು ಅಮಾನತಾದರು, ರಾಜಕೀಯ ಸಮಾರಂಭ, ಮೆರವಣಿಗೆ ಮತ್ತು ಮದುವೆಗಳಲ್ಲಿ ಪಟಾಕಿ ನಿಷೇಧಿಸುವುದಾಗಿ ಸರ್ಕಾರ ಪ್ರಕಟಿಸಿತು. ಆ ಬೆಂಕಿ ಹತ್ತಿದ್ದು ಮದುವೆಯಲ್ಲೂ ಅಲ್ಲ, ಮೆರವಣಿಗೆಯಲ್ಲೂ ಅಲ್ಲ, ದಾಸ್ತಾನಿನಲ್ಲಿ. ಮದ್ದು ಮಾತ್ರ ಬೇರೆ ರೋಗಕ್ಕೆ ಸಿದ್ಧವಾಯಿತು.

ಹಾಸನ ಜಿಲ್ಲೆಯವರಿಗೆ ಈ ಸಂಗತಿ ದೂರದ್ದೇನಲ್ಲ. 2024ರ ಜನವರಿ 28ರಂದು ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ವೇಣೂರು ಸಮೀಪ ಪಟಾಕಿ ತಯಾರಿಕಾ ಘಟಕವೊಂದು ಸ್ಫೋಟಿಸಿ ಮೂವರು ಸತ್ತಾಗ, ಅವರಲ್ಲಿ ಇಬ್ಬರು ಕೇರಳದವರಾಗಿದ್ದರು, ಒಬ್ಬ ಹಾಸನದ ಯುವಕ. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಕಾಸರಗೋಡು ಜಿಲ್ಲೆಯ ನೀಲೇಶ್ವರದ ವೀರರ್‌ಕಾವು ದೇವಸ್ಥಾನದಲ್ಲಿ ಉತ್ಸವದ ರಾತ್ರಿ ಸಿಡಿಸಿದ ಪಟಾಕಿಯ ಕಿಡಿ, ಹತ್ತಿರದಲ್ಲೇ ಕೂಡಿಟ್ಟಿದ್ದ ಪಟಾಕಿ ರಾಶಿಗೆ ತಗುಲಿ ನೂರೈವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಅವರಲ್ಲಿ ಕೆಲವರು ಮುಂದೆ ಪ್ರಾಣ ಕಳೆದುಕೊಂಡರು. 2025ರ ಆಗಸ್ಟ್‌ನಲ್ಲಿ ದೊಡ್ಡಬಳ್ಳಾಪುರದಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ವಾಹನದಲ್ಲಿಟ್ಟಿದ್ದ ಪಟಾಕಿ ಸಿಡಿದು ಹದಿನೈದು ವರ್ಷದ ಬಾಲಕನೊಬ್ಬ ಸತ್ತ.

ಗೋದಾಮು, ತಯಾರಿಕಾ ಘಟಕ, ದೇವಸ್ಥಾನ, ಮೆರವಣಿಗೆ: ಸ್ಥಳಗಳು ಬೇರೆ ಬೇರೆ. ಆದರೆ ಈ ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಮಾನ ಅಂಶ ಎದ್ದು ಕಾಣುತ್ತದೆ. ಕಿಡಿಗೂ ಸಿಡಿಮದ್ದಿನ ರಾಶಿಗೂ, ರಾಶಿಗೂ ಮನುಷ್ಯನಿಗೂ ನಡುವೆ ಇರಬೇಕಾಗಿದ್ದ ಅಂತರ ಅಲ್ಲಿರಲಿಲ್ಲ. ಪಟಾಕಿ ಸುರಕ್ಷತೆಯೆಂಬುದು ಬಹುಮಟ್ಟಿಗೆ ಈ ಅಂತರದ ಲೆಕ್ಕಾಚಾರ. ಸಿಡಿಯುವುದು ಪಟಾಕಿಯ ಗುಣ. ಅದನ್ನು ಯಾವ ಸುತ್ತೋಲೆಯೂ ಬದಲಿಸಲಾರದು. ಅದು ಎಲ್ಲಿ, ಎಷ್ಟು ಪ್ರಮಾಣದಲ್ಲಿ, ಯಾರಿಂದ ಎಷ್ಟು ದೂರದಲ್ಲಿ ಇರಬೇಕೆಂಬುದನ್ನು ಮಾತ್ರ ನಾವು ನಿರ್ಧರಿಸಬಹುದು.

ಈ ಲೆಕ್ಕವನ್ನು ನಮ್ಮ ಕಾನೂನು ಬಹಳ ಹಿಂದೆಯೇ ಮಾಡಿಟ್ಟಿದೆ. ಬ್ರಿಟಿಷರ ಕಾಲದ 1884ರ ಸ್ಫೋಟಕ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಅದರಡಿ 2008ರಲ್ಲಿ ರೂಪಿಸಿದ ನಿಯಮಗಳಿವೆ. ಹಬ್ಬದ ಕಾಲದ ತಾತ್ಕಾಲಿಕ ಮಳಿಗೆಗಳ ಬಗ್ಗೆ ಆ ನಿಯಮಗಳು ಹೇಳುವುದು ಇಷ್ಟು. ಮಳಿಗೆಯನ್ನು ಬೆಂಕಿ ಹತ್ತದ ವಸ್ತುಗಳಿಂದ ಕಟ್ಟಿರಬೇಕು. ಮಳಿಗೆಗಳ ನಡುವೆ ಕನಿಷ್ಠ 3 ಮೀಟರ್ ಅಂತರವಿರಬೇಕು. ಅವು ಎದುರುಬದುರಾಗಿ ಇರಕೂಡದು. ವಾಸದ ಮನೆ ಮುಂತಾದ ಕಟ್ಟಡಗಳಿಂದ 50 ಮೀಟರ್ ದೂರದಲ್ಲಿರಬೇಕು. ಎಣ್ಣೆ ದೀಪ, ಗ್ಯಾಸ್ ದೀಪ, ತೆರೆದ ಜ್ವಾಲೆ ಇರಕೂಡದು. ವಿದ್ಯುತ್ ದೀಪಗಳನ್ನು ಗೋಡೆಗೋ ಮಾಡಿಗೋ ಭದ್ರವಾಗಿ ಬಿಗಿದಿರಬೇಕು, ತಂತಿಯಲ್ಲಿ ತೂಗುಬಿಡಬಾರದು. ಮಳಿಗೆಯ 50 ಮೀಟರ್ ಒಳಗೆ ಪಟಾಕಿ ಸುಡಬಾರದು. ಒಂದೇ ಕಡೆ ಐವತ್ತಕ್ಕಿಂತ ಹೆಚ್ಚು ಮಳಿಗೆಗಳು ಇರಬಾರದು. ಹದಿನೆಂಟು ತುಂಬದವರಿಗೆ ಸ್ಫೋಟಕ ಮಾರುವುದನ್ನೇ ಮೂಲ ಕಾಯ್ದೆ ನಿಷೇಧಿಸುತ್ತದೆ.

ಇದರಲ್ಲಿ ಅರ್ಥವಾಗದ ಒಂದು ಮಾತೂ ಇಲ್ಲ. ಓದುಗರು ತಮ್ಮ ಊರಿನ ಹಬ್ಬದ ಸಾಲು ಮಳಿಗೆಗಳನ್ನು ನೆನಪಿಗೆ ತಂದುಕೊಂಡು ಈ ನಿಯಮಗಳ ಎದುರು ಇಟ್ಟು ನೋಡಲಿ. ಶಾಮಿಯಾನದ ಬಟ್ಟೆ, ಬಿದಿರಿನ ಗಳ, ಪ್ಲಾಸ್ಟಿಕ್ ಹೊದಿಕೆ, ಒಂದೇ ಗೋಡೆ ಹಂಚಿಕೊಂಡ ಎರಡು ಅಂಗಡಿ, ಮೇಲೆ ತೂಗಾಡುವ ಬಲ್ಬು, ಮಗ್ಗುಲಲ್ಲಿ ಬೋಂಡಾ ಬಜ್ಜಿಯ ತಳ್ಳುಗಾಡಿ. ಪರವಾನಗಿ ಪತ್ರ ಮಾತ್ರ ಅಂದವಾಗಿ ತೂಗುಹಾಕಿರುತ್ತದೆ.

ಇದು ಹೀಗೇಕೆ ಎಂಬುದನ್ನು ಮೂರು ದಶಕ ಕಂದಾಯ ಆಡಳಿತದಲ್ಲಿ ಕಳೆದ ನಾನು ಬಲ್ಲೆ. ಪಟಾಕಿ ಪರವಾನಗಿಯ ಕಡತ ಹಲವು ಮೇಜುಗಳನ್ನು ಸುತ್ತುತ್ತದೆ. ಪೊಲೀಸರ ವರದಿ, ಅಗ್ನಿಶಾಮಕ ದಳದ ನಿರಾಕ್ಷೇಪಣಾ ಪತ್ರ, ಸ್ಥಳೀಯ ಸಂಸ್ಥೆಯ ಒಪ್ಪಿಗೆ, ತಹಶೀಲ್ದಾರರ ಅಭಿಪ್ರಾಯ, ಕೊನೆಗೆ ಜಿಲ್ಲಾ ದಂಡಾಧಿಕಾರಿಯ ಸಹಿ. ಇಷ್ಟು ಜನರ ಕಣ್ಣಿಗೆ ಬಿದ್ದದ್ದರಲ್ಲಿ ದೋಷ ಉಳಿಯಲು ಸಾಧ್ಯವೇ ಎಂದು ಹೊರಗಿನವರಿಗೆ ಅನ್ನಿಸಬಹುದು. ವಾಸ್ತವದಲ್ಲಿ ನಡೆಯುವುದು ಇದರ ವಿರುದ್ಧ. ಪ್ರತಿಯೊಬ್ಬರೂ ಇನ್ನೊಬ್ಬರ ವರದಿಯನ್ನು ಆಧರಿಸಿ ಷರಾ ಬರೆಯುತ್ತಾರೆ. ಹೊಣೆ ಎಲ್ಲರದ್ದಾದಾಗ ಸ್ಥಳಕ್ಕೆ ಹೋಗಿ ಟೇಪು ಹಿಡಿಯುವ ಕೆಲಸ ಯಾರದ್ದೂ ಆಗುವುದಿಲ್ಲ. ಇದಲ್ಲದೆ, ತಾತ್ಕಾಲಿಕ ಮಳಿಗೆಗೆ ಅನುಮತಿ ಕೊಡುವ ದಿನ ಮಳಿಗೆಯೇ ಇರುವುದಿಲ್ಲ; ಖಾಲಿ ಮೈದಾನವಿರುತ್ತದೆ. ಮಳಿಗೆ ಎದ್ದು ಸರಕು ಬಂದಿಳಿಯುವ ಹೊತ್ತಿಗೆ ಹಬ್ಬಕ್ಕೆ ಎರಡು ಮೂರು ದಿನ ಉಳಿದಿರುತ್ತದೆ. ಆ ಹಂತದಲ್ಲಿ ತಪಾಸಣೆಗೆ ಹೋದ ಅಧಿಕಾರಿ ಮಳಿಗೆ ತೆರವು ಮಾಡಿಸಿದರೆ ವ್ಯಾಪಾರಿ ಹೂಡಿದ ಬಂಡವಾಳವೆಲ್ಲ ಮುಳುಗುತ್ತದೆ. ಆದ್ದರಿಂದ ಅಧಿಕಾರಿ ಬಾಯಿಮಾತಿನ ಎಚ್ಚರಿಕೆ ಕೊಟ್ಟು ಮರಳುತ್ತಾನೆ. ಭ್ರಷ್ಟನಲ್ಲದ ಅಧಿಕಾರಿಯೂ ಹಾಗೆಯೇ ಮಾಡುತ್ತಾನೆ ಎಂಬುದನ್ನು ಒತ್ತಿ ಹೇಳಬೇಕು.

ಹಾಸನದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ಹಾಸನಾಂಬೆಯ ಗುಡಿಯ ಬಾಗಿಲು ತೆರೆದರೆ ಮುಚ್ಚುವುದು ಬಲಿಪಾಡ್ಯಮಿಯ ಆಸುಪಾಸಿನಲ್ಲಿ. ಲಕ್ಷಾಂತರ ಭಕ್ತರು ಬರುವ ಆ ದಿನಗಳಲ್ಲಿ ಜಿಲ್ಲೆಯ ಕಂದಾಯ ಸಿಬ್ಬಂದಿ, ಪೊಲೀಸರು, ಅಗ್ನಿಶಾಮಕ ದಳ ಎಲ್ಲರೂ ಸರತಿ ಸಾಲು ನಿಭಾಯಿಸುವುದರಲ್ಲಿ ಮುಳುಗಿರುತ್ತಾರೆ. 2023ರ ನವೆಂಬರ್‌ನಲ್ಲಿ ಅಲ್ಲಿ ವಿದ್ಯುತ್ ತಂತಿಯ ಭಯದಿಂದ ನೂಕುನುಗ್ಗಲಾಗಿ ಹಲವರು ಗಾಯಗೊಂಡದ್ದನ್ನು ನೆನೆದರೆ ಆ ಒತ್ತಡ ಎಂಥದೆಂದು ಅರಿವಾಗುತ್ತದೆ. ಪಟಾಕಿ ಮಳಿಗೆಗಳು ಏಳುವುದೂ ಅದೇ ವಾರದಲ್ಲಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮಳಿಗೆ ಸಾಲಿನಲ್ಲಿ ಮೂರು ಮೀಟರ್ ಅಂತರವಿದೆಯೇ ಎಂದು ನೋಡಲು ಆ ವಾರ ಯಾರಿಗೆ ಪುರುಸೊತ್ತು?

ಅರ್ಥಶಾಸ್ತ್ರದ ದೃಷ್ಟಿಯಿಂದಲೂ ಇದನ್ನು ನೋಡಬಹುದು. ಪಟಾಕಿ ವ್ಯಾಪಾರ ವರ್ಷವಿಡೀ ನಡೆಯುವಂಥದ್ದಲ್ಲ. ವರ್ಷದ ಬಹುಪಾಲು ವಹಿವಾಟು ಕೆಲವೇ ದಿನಗಳಲ್ಲಿ ಮುಗಿಯಬೇಕು. ಉಳಿದ ಸರಕನ್ನು ಮುಂದಿನ ಹಬ್ಬದವರೆಗೆ ಇಟ್ಟುಕೊಳ್ಳುವುದು ನಷ್ಟದ ಜೊತೆಗೆ ಅಪಾಯ ಕೂಡ. ಹೀಗಾಗಿ ಶಿವಕಾಶಿಯಿಂದ ಬಂದ ಸರಕು ಹಬ್ಬದ ಮುನ್ನಾದಿನಗಳಲ್ಲಿ ಒಂದೆಡೆ ರಾಶಿ ಬೀಳುತ್ತದೆ. ಬೆಂಗಳೂರಿನ ಗ್ರಾಹಕರು ಶೇಕಡಾ ಎಂಬತ್ತು ರಿಯಾಯಿತಿಯ ಫಲಕ ನೋಡಿ ಹೊಸೂರು ರಸ್ತೆಯತ್ತ ಕಾರು ತಿರುಗಿಸುತ್ತಾರೆ. ಪೊಟ್ಟಣದ ಮೇಲೆ ಅಚ್ಚಾದ ಬೆಲೆ ನಾಮಮಾತ್ರದ್ದು ಎಂಬುದು ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಇಷ್ಟು ತೀವ್ರ ಪೈಪೋಟಿಯಲ್ಲಿ ವ್ಯಾಪಾರಿ ಮೊದಲು ಉಳಿಸುವುದು ಜಾಗದ ಬಾಡಿಗೆ ಮತ್ತು ಕೂಲಿ. ಮಳಿಗೆಯೇ ಗೋದಾಮಾಗುತ್ತದೆ, ತರಬೇತಿಯಿಲ್ಲದ ಹುಡುಗರು ಕೂಲಿಗಳಾಗುತ್ತಾರೆ. ನಾವು ರಿಯಾಯಿತಿಯೆಂದು ಭಾವಿಸಿ ಜೇಬಿಗಿಳಿಸಿಕೊಳ್ಳುವ ಹಣದ ಒಂದು ಭಾಗ ಆ ಹುಡುಗರ ಸುರಕ್ಷತೆಯ ಖರ್ಚು.

ಇದರ ಜೊತೆಗೆ ಯಾವ ದಾಖಲೆಗೂ ಸಿಗದ ಇನ್ನೊಂದು ದಾಸ್ತಾನಿದೆ. ನಗರದ ಬಡಾವಣೆಗಳಲ್ಲಿ ಮನೆಮನೆಗಳಿಂದ ತಿಂಗಳಿಗಿಷ್ಟೆಂದು ಹಣ ಕೂಡಿಸಿ ದೀಪಾವಳಿಗೆ ಪೆಟ್ಟಿಗೆ ಹಂಚುವ ‘ಪಟಾಕಿ ಚೀಟಿ’ಗಳು ನಡೆಯುತ್ತವೆ. ಆ ಪೆಟ್ಟಿಗೆಗಳು ಹಂಚಿಕೆಯಾಗುವವರೆಗೆ ಚೀಟಿ ನಡೆಸುವವರ ಮನೆಯ ನಡುಕೋಣೆಯಲ್ಲೋ, ಮಹಡಿ ಮೆಟ್ಟಿಲ ಕೆಳಗೋ ಪೇರಿಸಿರುತ್ತವೆ. ಹಳ್ಳಿಗಳಲ್ಲಿ ದಿನಸಿ ಅಂಗಡಿಯ ಒಂದೇ ಹಲಗೆಯ ಮೇಲೆ ಬೆಂಕಿಪೊಟ್ಟಣ, ಪಟಾಕಿ, ಬಾಟಲಿಯಲ್ಲಿ ತುಂಬಿಟ್ಟ ಪೆಟ್ರೋಲು ಮೂರೂ ಇರುವುದನ್ನು ಕಾಣಬಹುದು. ಇವರಾರೂ ದುಷ್ಟರಲ್ಲ. ತಾವು ಮಾರುತ್ತಿರುವುದು ಕಾನೂನಿನ ಪ್ರಕಾರ ಸ್ಫೋಟಕವೆಂದು ಅವರಿಗೆ ಯಾರೂ ಹೇಳಿಲ್ಲ.

ನ್ಯಾಯಾಲಯಗಳು ಈ ವಿಷಯದಲ್ಲಿ ಸುಮ್ಮನಿದ್ದಿಲ್ಲ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದಿನ ಪಟಾಕಿ ಸಲ್ಲದೆಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿತು. 2018ರ ಅಕ್ಟೋಬರ್‌ನಲ್ಲಿ ಸರಪಟಾಕಿಯನ್ನೂ ಬೇರಿಯಂ ಲವಣ ಬಳಸಿದ ಪಟಾಕಿಯನ್ನೂ ನಿಷೇಧಿಸಿ, ದೀಪಾವಳಿಯ ರಾತ್ರಿ ಎಂಟರಿಂದ ಹತ್ತರವರೆಗಿನ ಸಮಯ ನಿಗದಿ ಮಾಡಿತು. ಅದರ ಮರುವರ್ಷ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ, ಅಂದರೆ ನೀರಿ, ರೂಪಿಸಿದ ಹಸಿರು ಪಟಾಕಿಗಳು ಮಾರುಕಟ್ಟೆಗೆ ಬಂದವು. ಹೊಗೆಯ ಕಣಗಳು ಸಾಮಾನ್ಯ ಪಟಾಕಿಗಿಂತ ಸುಮಾರು ಶೇಕಡಾ 30ರಷ್ಟು ಕಡಿಮೆಯಾಗುತ್ತವೆ ಎಂಬುದು ಅವುಗಳ ಹಿರಿಮೆ. ಇದು ಸ್ವಾಗತಾರ್ಹ. ಆದರೆ ‘ಹಸಿರು’ ಎಂಬ ವಿಶೇಷಣ ಜನರಲ್ಲಿ ತಪ್ಪು ಧೈರ್ಯ ತುಂಬಿದೆ. ಹಸಿರು ಪಟಾಕಿಯೂ ಸಿಡಿಯುತ್ತದೆ, ಸುಡುತ್ತದೆ, ಕಣ್ಣು ತೆಗೆಯುತ್ತದೆ. ಹಸಿರು ಪಟಾಕಿ ತುಂಬಿದ ಗೋದಾಮಿಗೆ ಕಿಡಿ ಬಿದ್ದರೆ ಆಗುವ ಅನಾಹುತ ಬೇರೆ ಬಗೆಯದಾಗಿರುವುದಿಲ್ಲ.

ಸಂಪ್ರದಾಯದ ವಾದಕ್ಕೂ ಇಲ್ಲಿ ಒಂದು ಮಾತು ಹೇಳಬೇಕು. ವಿಜಯನಗರದ ಮಹಾನವಮಿಯಲ್ಲಿ ಬಾಣಬಿರುಸು ಹಾರಿಸುತ್ತಿದ್ದುದನ್ನು 1443ರಲ್ಲಿ ಅಲ್ಲಿಗೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಬರೆದಿದ್ದಾನೆ. ಭಾರತದ ಬಾಣಬಿರುಸುಗಳ ಇತಿಹಾಸ ಕುರಿತು ಪಿ.ಕೆ. ಗೋಡೆಯವರ ಅಧ್ಯಯನ ಪ್ರಕಟವಾದದ್ದೂ ಬೆಂಗಳೂರಿನ ಬಸವನಗುಡಿಯಿಂದಲೇ, 1953ರಲ್ಲಿ. ಆದ್ದರಿಂದ ಹಬ್ಬದ ಬೆಂಕಿಯಾಟಕ್ಕೆ ನಮ್ಮಲ್ಲಿ ಹಲವು ಶತಮಾನಗಳ ಇತಿಹಾಸವಿದೆ ಎನ್ನುವುದು ನಿಜ. ಆದರೆ ಅಂದು ಅದು ಅರಮನೆಯ ಆವರಣದಲ್ಲಿ, ಕಸುಬು ಬಲ್ಲವರ ಕೈಯಲ್ಲಿ ನಡೆಯುತ್ತಿದ್ದ ಪ್ರದರ್ಶನ. ಜನ ದೂರದಲ್ಲಿ ನಿಂತು ನೋಡುತ್ತಿದ್ದರು. ಮೂವತ್ತು ನಲವತ್ತರ ನಿವೇಶನದ ಎದುರಿನ ಓಣಿಯಲ್ಲಿ, ಸ್ಕೂಟರುಗಳ ನಡುವೆ, ಮಕ್ಕಳೇ ಬತ್ತಿ ಹಚ್ಚುವ ಪದ್ಧತಿ ತೀರ ಇತ್ತೀಚಿನದು. ಸಂಪ್ರದಾಯವನ್ನು ಉಳಿಸಬೇಕೆನ್ನುವವರು ಆ ದೂರವನ್ನೂ ಉಳಿಸಿಕೊಳ್ಳಲಿ.

ಅಂತರವನ್ನು ಕಡೆಗಣಿಸಿದ ದೇಶ ನಮ್ಮದೊಂದೇ ಅಲ್ಲ. ನೆದರ್ಲೆಂಡ್ಸ್‌ನ ಎನ್‌ಸ್ಕೆಡೆ ನಗರದಲ್ಲಿ 2000ದ ಮೇ 13ರಂದು ಪಟಾಕಿ ಗೋದಾಮೊಂದು ಸ್ಫೋಟಿಸಿ 23 ಜನ ಸತ್ತರು, ಸುಮಾರು 950 ಜನ ಗಾಯಗೊಂಡರು, ಒಂದು ಬಡಾವಣೆಯೇ ನೆಲಸಮವಾಯಿತು. ಗೋದಾಮು ಇದ್ದದ್ದು ಜನವಸತಿಯ ಮಧ್ಯದಲ್ಲಿ. ಆ ದೇಶ ಎರಡು ವರ್ಷದೊಳಗೆ ಪಟಾಕಿ ದಾಸ್ತಾನಿನ ನಿಯಮಗಳನ್ನು ಹೊಸದಾಗಿ ರೂಪಿಸಿತು. ಬ್ರಿಟನ್ನಿನಲ್ಲಿ ಪೊಟ್ಟಣದ ಮೇಲೆಯೇ ನೋಡುಗರು ಎಷ್ಟು ದೂರ ನಿಲ್ಲಬೇಕೆಂದು ಬರೆದಿರುತ್ತದೆ: ಮನೆಯಂಗಳದಲ್ಲಿ ಸುಡುವಂಥದ್ದಕ್ಕೆ 8 ಮೀಟರ್, ಅದಕ್ಕಿಂತ ಪ್ರಬಲವಾದುದಕ್ಕೆ 25 ಮೀಟರ್. ನಮ್ಮಲ್ಲಿ ಶಬ್ದದ ಮಿತಿಯನ್ನು ಅಳೆಯುವುದೇ 4 ಮೀಟರ್ ದೂರದಲ್ಲಿ. ಅಲ್ಲಿ ಅದು 125 ಡೆಸಿಬೆಲ್ ಮೀರಕೂಡದು. ಪಟಾಕಿಯ ಪಕ್ಕದಲ್ಲೇ ನಿಂತ ಮಗುವಿನ ಕಿವಿಗೆ ತಲುಪುವ ಸದ್ದು ಇದಕ್ಕಿಂತ ಎಷ್ಟೋ ಹೆಚ್ಚು ಎಂದು ಬೇರೆ ಹೇಳಬೇಕಾಗಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಪೇಟೆಯ ಮಾತು. ಹಳ್ಳಿಯಲ್ಲಿ ಅಂತರದ ಪ್ರಶ್ನೆ ಬೇರೊಂದು ರೂಪ ತಾಳುತ್ತದೆ. ಹಾಸನ ಸಮೀಪದ ಶೆಟ್ಟಿಹಳ್ಳಿಯನ್ನೇ ತೆಗೆದುಕೊಳ್ಳಿ. ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೇಳುವ ಹಳೆಯ ಚರ್ಚಿನಿಂದ ಆ ಊರಿನ ಹೆಸರು ದೂರದೂರಕ್ಕೆ ತಲುಪಿದೆ. ಜಿಲ್ಲಾ ಕೇಂದ್ರಕ್ಕೂ ಅದಕ್ಕೂ ಇಪ್ಪತ್ತು ಕಿಲೋಮೀಟರಿನ ಆಸುಪಾಸು ದೂರ. ಕರೆ ಬಂದ ಕೂಡಲೇ ಅಗ್ನಿಶಾಮಕ ವಾಹನ ಹೊರಟರೂ ಹಬ್ಬದ ರಾತ್ರಿಯ ರಸ್ತೆಯಲ್ಲಿ ಅರ್ಧ ಗಂಟೆ ಹಿಡಿಯುತ್ತದೆ. ಹಾರಿಹೋದ ರಾಕೆಟ್ ಹುಲ್ಲಿನ ಮೆದೆಯ ಮೇಲೆ ಬಿದ್ದರೆ ಆ ಅರ್ಧ ಗಂಟೆಯಲ್ಲಿ ಮೆದೆ ಬೂದಿಯಾಗಿರುತ್ತದೆ, ಪಕ್ಕದ ಕೊಟ್ಟಿಗೆಗೂ ಬೆಂಕಿ ದಾಟಿರುತ್ತದೆ. ಬಲಿಪಾಡ್ಯಮಿಯಂದು ನಾವು ಮೈತೊಳೆದು, ಹೂ ಮುಡಿಸಿ ಪೂಜಿಸುವ ದನಕರುಗಳು ಅದೇ ಸಂಜೆ ಕಟ್ಟಿದ ಹಗ್ಗ ಕೀಳುವಂತೆ ಬೆದರುವುದು ಯಾವ ಬಗೆಯ ಗೋಪೂಜೆ ಎಂದು ನಾವೇ ಕೇಳಿಕೊಳ್ಳಬೇಕು. ಹಬ್ಬ ದೀಪಾವಳಿಯಾಗಲಿ, ಗಣೇಶನದಾಗಲಿ, ಕ್ರಿಸ್‌ಮಸ್ ಆಗಲಿ, ಊರಜಾತ್ರೆಯಾಗಲಿ, ಹಳ್ಳಿಗೆ ಮೊದಲ ಅರ್ಧ ಗಂಟೆಯ ಅಗ್ನಿಶಾಮಕ ದಳ ಹಳ್ಳಿಯವರೇ. ನೀರು ತುಂಬಿದ ಡ್ರಮ್ಮುಗಳು, ಮರಳು, ಕೊಳವೆಬಾವಿಯ ಮೋಟಾರು ಚಾಲೂ ಇರಿಸುವ ವ್ಯವಸ್ಥೆ, ಮೆದೆ ಮತ್ತು ಕೊಟ್ಟಿಗೆಗಳಿಂದ ದೂರದ ಒಂದು ಬಯಲು: ಇಷ್ಟನ್ನು ಗ್ರಾಮ ಪಂಚಾಯಿತಿ ಯಾವ ಅನುದಾನಕ್ಕೂ ಕಾಯದೆ ಮಾಡಬಹುದು.

ಇನ್ನು ಮನೆಯಂಗಳದ ಮಾತು. ಸುರುಸುರುಬತ್ತಿಯನ್ನು ನಾವು ಕೂಸಿನ ಕೈಗೆ ಕೊಡುವಷ್ಟು ಸೌಮ್ಯವೆಂದು ತಿಳಿದಿದ್ದೇವೆ. ಅದರ ತುದಿ ಉರಿಯುವುದು ಸಾವಿರ ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉಷ್ಣದಲ್ಲಿ. ಕುದಿಯುವ ನೀರಿಗೆ ಹತ್ತು ಪಟ್ಟು. ಆರಿದ ಕಡ್ಡಿಯನ್ನು ನೆಲಕ್ಕೆಸೆಯದೆ ನೀರಿನ ಬಕೆಟ್ಟಿಗೆ ಹಾಕಬೇಕು. ಬತ್ತಿ ಹಚ್ಚಲು ಉದ್ದನೆಯ ಊದುಬತ್ತಿ ಬಳಸಬೇಕು. ಮುಖವನ್ನು ಪಟಾಕಿಯ ಮೇಲೆ ಬಾಗಿಸಬಾರದು. ಹತ್ತಿಯ ಬಟ್ಟೆ ತೊಡಬೇಕು, ಕಾಲಿಗೆ ಚಪ್ಪಲಿಯಿರಬೇಕು. ಸಿಡಿಯದ ಪಟಾಕಿಯ ಬಳಿ ಮರಳಿ ಹೋಗಲೇಬಾರದು. ಸಾಕಷ್ಟು ಹೊತ್ತು ಬಿಟ್ಟು ದೂರದಿಂದ ನೀರು ಸುರಿಯಬೇಕು. ಡಬ್ಬಿ, ತೆಂಗಿನ ಚಿಪ್ಪು, ಬಾಟಲಿಗಳ ಕೆಳಗಿಟ್ಟು ಸಿಡಿಸುವುದೆಂದರೆ ಚೂರುಗಳನ್ನು ಗುಂಡಿನಂತೆ ಹಾರಿಸುವುದೆಂದೇ ಅರ್ಥ. 2024ರ ದೀಪಾವಳಿಯಲ್ಲಿ ಬೆಂಗಳೂರಿನ ಕೋಣನಕುಂಟೆಯಲ್ಲಿ ಗೆಳೆಯರ ಪಂಥಕ್ಕೆ ಒಪ್ಪಿ, ಪಟಾಕಿ ಇಟ್ಟ ಪೆಟ್ಟಿಗೆಯ ಮೇಲೆ ಕೂತ ಯುವಕ ಸತ್ತ ಸುದ್ದಿ ಎಲ್ಲರೂ ಓದಿದ್ದೇ. ಪಂಥ ಗೆದ್ದರೆ ಆಟೊರಿಕ್ಷಾ ಕೊಡಿಸುವ ಮಾತಾಗಿತ್ತಂತೆ.

ಗಾಯವಾದ ಮೇಲಿನ ಮೊದಲ ಕೆಲವು ನಿಮಿಷಗಳೂ ಮುಖ್ಯ. ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಹಿಡಿಯಬೇಕು. ಶಾಯಿ, ಟೂತ್‌ಪೇಸ್ಟ್, ಬೆಣ್ಣೆ, ಮಂಜುಗಡ್ಡೆ ಯಾವುದನ್ನೂ ಹಚ್ಚಬಾರದು. ಕಣ್ಣಿಗೆ ಪೆಟ್ಟಾದರೆ ಉಜ್ಜಬಾರದು, ಒತ್ತಬಾರದು, ಚುಚ್ಚಿಕೊಂಡ ಚೂರನ್ನು ಕೀಳಬಾರದು. ಸ್ವಚ್ಛವಾದ ಕಾಗದದ ಲೋಟದಂಥದ್ದನ್ನು ಕಣ್ಣಿಗೆ ತಾಗದಂತೆ ಮುಚ್ಚಿ ನೇತ್ರತಜ್ಞರಲ್ಲಿಗೆ ಒಯ್ಯಬೇಕು. ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆ ಪ್ರತಿ ದೀಪಾವಳಿಗೂ ಹಗಲಿರುಳು ವೈದ್ಯರನ್ನು ನಿಯೋಜಿಸಿ ಹಾಸಿಗೆಗಳನ್ನು ಕಾದಿರಿಸುತ್ತದೆ. ಅಲ್ಲಿಗೆ ಬರುವವರಲ್ಲಿ ಮಕ್ಕಳಿರುತ್ತಾರೆ, ತಾವು ಪಟಾಕಿ ಮುಟ್ಟದೆ ದಾರಿಯಲ್ಲಿ ಹೋಗುತ್ತಿದ್ದವರೂ ಇರುತ್ತಾರೆ. ಕಣ್ಣು ಕಳೆದುಕೊಳ್ಳುವವರಿಗಾಗಿ ಹಾಸಿಗೆಯನ್ನು ಮುಂಚಿತವಾಗಿ ಸಿದ್ಧಪಡಿಸಬಲ್ಲ ವ್ಯವಸ್ಥೆಗೆ ಮೈದಾನವನ್ನು ಮುಂಚಿತವಾಗಿ ಅಳೆಯುವುದು ಅಸಾಧ್ಯವೆಂದರೆ ನಂಬುವುದು ಕಷ್ಟ.

ಹಾಗಾದರೆ ಆಗಬೇಕಾದದ್ದೇನು? ಹೊಸ ಕಾಯ್ದೆ ಬೇಕಿಲ್ಲ. ಮೊದಲನೆಯದಾಗಿ, ತಾತ್ಕಾಲಿಕ ಮಳಿಗೆಗಳ ಮೈದಾನವನ್ನು ಹಬ್ಬಕ್ಕೆ ಎರಡು ತಿಂಗಳ ಮೊದಲೇ ಗೊತ್ತುಪಡಿಸಿ, ಸುಣ್ಣದ ಗೆರೆ ಎಳೆದು ಜಾಗಗಳನ್ನು ಗುರುತಿಸಬೇಕು. ಮಳಿಗೆ ಎದ್ದ ನಂತರ, ಸರಕು ಇಳಿಯುವ ಮೊದಲು, ತಪಾಸಣೆ ನಡೆಯಬೇಕು. ಅದರ ನಂತರವಷ್ಟೇ ಪರವಾನಗಿ ಕೈಸೇರಬೇಕು. ಎರಡನೆಯದಾಗಿ, ಕಾಯಂ ಗೋದಾಮು ಮತ್ತು ಅಂಗಡಿಗಳ ಹೊರಗೆ ಅನುಮತಿ ಇರುವ ದಾಸ್ತಾನು ಎಷ್ಟು ಕಿಲೋ, ಕೊನೆಯ ತಪಾಸಣೆ ಯಾವ ದಿನ, ನಡೆಸಿದವರು ಯಾವ ಹುದ್ದೆಯವರು ಎಂಬುದನ್ನು ಕನ್ನಡದಲ್ಲಿ ಬರೆದ ಫಲಕವಿರಬೇಕು. ಮೂರನೆಯದಾಗಿ, ಕೆಲಸಗಾರರ ಹೆಸರಿನ ಪಟ್ಟಿಯೂ ಅವರ ವಿಮೆಯೂ ಪರವಾನಗಿಯ ಷರತ್ತಾಗಬೇಕು. ವಿಮಾ ಸಂಸ್ಥೆ ತನ್ನ ಹಣ ಕಾಯಲಿಕ್ಕಾದರೂ ಗೋದಾಮನ್ನು ನೋಡಿಬರುತ್ತದೆ. ಪರಿಹಾರದ ಹೊರೆಯೂ ಬೊಕ್ಕಸದಿಂದ ವ್ಯಾಪಾರದ ಮೇಲೆ ಸರಿಯುತ್ತದೆ. ನಾಲ್ಕನೆಯದಾಗಿ, ಪ್ರತಿ ವಾರ್ಡಿಗೂ ಪ್ರತಿ ಊರಿಗೂ ಪಟಾಕಿ ಸುಡಲು ಒಂದು ಸಾಮೂಹಿಕ ಬಯಲನ್ನು ಗುರುತಿಸಿ, ಎರಡು ಗಂಟೆಗಳ ಕಾಲ ಅಲ್ಲಿ ನೀರಿನ ಟ್ಯಾಂಕರ್ ನಿಲ್ಲಿಸಬೇಕು. ಐದನೆಯದಾಗಿ, ಮೆರವಣಿಗೆ ಮತ್ತು ಜಾತ್ರೆಗಳಲ್ಲಿ ಮೂರ್ತಿಯ ವಾಹನದಲ್ಲಿ ಪಟಾಕಿ ಸಾಗಿಸುವುದನ್ನು, ಸುಡುವ ಜಾಗದ ಸಮೀಪ ಕೂಡಿಡುವುದನ್ನು ಅನುಮತಿ ಪತ್ರದಲ್ಲೇ ನಿಷೇಧಿಸಿ, ಸಮಿತಿಯ ಒಬ್ಬರನ್ನು ಹೆಸರು ಹೇಳಿ ಹೊಣೆಗಾರರನ್ನಾಗಿ ಮಾಡಬೇಕು.

ಇದರಿಂದ ಸಣ್ಣ ವ್ಯಾಪಾರಿಗೆ ಕಿರುಕುಳ ಹೆಚ್ಚುತ್ತದೆ, ಲಂಚಕ್ಕೆ ಹೊಸ ದಾರಿ ತೆರೆಯುತ್ತದೆ ಎಂಬ ಆಕ್ಷೇಪ ಬರಬಹುದು. ಆಕ್ಷೇಪ ನಿರಾಧಾರವಲ್ಲ. ಆದರೆ ನನ್ನ ಅನುಭವದಲ್ಲಿ ಲಂಚ ಹುಟ್ಟುವುದು ಅಧಿಕಾರಿಯ ‘ಸಮಾಧಾನ’ವನ್ನೇ ಅಳತೆಗೋಲಾಗಿಸಿದ ಕಡೆ. ಅಳತೆಯೇ ಷರತ್ತಾದಾಗ, ಅದೂ ಹತ್ತು ಜನರೆದುರು ಅಳೆಯುವಾಗ, ಕೈಬದಲಾವಣೆಗೆ ಅವಕಾಶ ಕುಗ್ಗುತ್ತದೆ. ಎರಡು ತಿಂಗಳ ಮೊದಲೇ ಜಾಗ ಖಚಿತವಾದರೆ ಪ್ರಾಮಾಣಿಕ ವ್ಯಾಪಾರಿಗೂ ಅನುಕೂಲ. ಕೊನೆಯ ವಾರದ ಓಡಾಟ ಅವನಿಗೆ ತಪ್ಪುತ್ತದೆ. ಪೂರ್ಣ ನಿಷೇಧವೇ ಪರಿಹಾರವೆಂಬ ವಾದವೂ ಇದೆ. ಶಿವಕಾಶಿಯ ಸಾವಿರಾರು ಕುಟುಂಬಗಳ ಅನ್ನದ ಪ್ರಶ್ನೆ ಒಂದೆಡೆ ಇರಲಿ, ಬೇಡಿಕೆ ಉಳಿದಿರುವಾಗ ನಿಷೇಧಿಸಿದ ಸರಕು ಪರವಾನಗಿಯ ಗೋದಾಮಿನಿಂದ ಯಾರದೋ ಮನೆಯ ಅಟ್ಟಕ್ಕೆ ವರ್ಗವಾಗುತ್ತದೆ. ಅಲ್ಲಿ ಅಳೆಯುವವರೂ ಇರುವುದಿಲ್ಲ.

ಇದೆಲ್ಲದಕ್ಕೆ ತಗಲುವ ಖರ್ಚು ಒಂದು ಟೇಪು, ಒಂದು ಮೂಟೆ ಸುಣ್ಣ, ಕೆಲವು ಫಲಕಗಳು ಮತ್ತು ಅಧಿಕಾರಿಗಳ ಎರಡು ದಿನ. ಅತ್ತಿಬೆಲೆಯಲ್ಲಿ ಸತ್ತ ಹುಡುಗರು ಹಬ್ಬಕ್ಕೆ ಮೊದಲು ನಾಲ್ಕು ಕಾಸು ಸಂಪಾದಿಸಿ ಊರಿಗೆ ಮರಳಲೆಂದು ಬಂದಿದ್ದವರು. ಅವರ ಜೀವಕ್ಕೆ ಈ ಖರ್ಚು ಹೆಚ್ಚಾಯಿತೆಂದು ಯಾವ ಸರ್ಕಾರವೂ ಹೇಳಲಾರದು. ಮುಂದಿನ ಹಬ್ಬಕ್ಕೆ ಮಳಿಗೆಗಳು ಏಳುವ ಮೊದಲು ಜಿಲ್ಲಾಡಳಿತಗಳು ಈ ಕೆಲಸ ಮುಗಿಸಲಿ. ಮುಗಿಸಿದ್ದಾರೆಯೇ ಎಂಬುದನ್ನು ನಾಗರಿಕರೂ ನೋಡಲಿ. ಐವತ್ತು ಮೀಟರ್ ಎಂದರೆ ಸುಮಾರು ಎಪ್ಪತ್ತು ಹೆಜ್ಜೆ. ಪಟಾಕಿ ಕೊಳ್ಳಲು ಹೋದಾಗ ಮಳಿಗೆಯಿಂದ ಹತ್ತಿರದ ಮನೆಯವರೆಗೆ ನಡೆದು ಎಣಿಸಬಹುದು. ಎಣಿಕೆ ಮೂವತ್ತಕ್ಕೇ ಮುಗಿದರೆ ಅಲ್ಲಿ ಕೊಳ್ಳದೆ ಹಿಂದಿರುಗಿ, ತಾಲ್ಲೂಕು ಕಚೇರಿಗೆ ಒಂದು ಅರ್ಜಿ ಬರೆಯಬಹುದು.